ಮನೆ ಮತ್ತು ವ್ಯಾಪಾರ ಸ್ಥಳಗಳ ಭದ್ರತೆಗೆ ಸಿಸಿಟಿವಿ ಕ್ಯಾಮೆರಾ ಹಾಗೂ ಮಾನಿಟರ್ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಕಳ್ಳತನ ಅಥವಾ ವಾಹನ ಕಳವಿನ ದೂರು ನೀಡಲು ಪೊಲೀಸ್ ಠಾಣೆಗೆ ಬರುವ ನಾಗರಿಕರು ಸಿಸಿಟಿವಿ ದೃಶ್ಯಾವಳಿಯ ಪ್ರತಿಯನ್ನೂ ಜೊತೆಯಲ್ಲಿ ತರುವುದು ಈಗ ಸಾಮಾನ್ಯವಾಗಿದೆ. ಆದರೆ ಆ ದೃಶ್ಯದಲ್ಲಿ ಯಾರೋ ಒಬ್ಬರು ಬಂದು ಹೋದದ್ದು ಕಾಣುತ್ತದೆಯೇ ಹೊರತು ಅವರು ಯಾರೆಂಬುದು ತಿಳಿಯದ ಸಂದರ್ಭಗಳು ಕಡಿಮೆಯಲ್ಲ. ಕೆಲವೊಮ್ಮೆ ಕ್ಯಾಮೆರಾ ಸರಿಯಾಗಿದ್ದರೂ ಹಾರ್ಡ್ ಡಿಸ್ಕ್ ತುಂಬಿ ಘಟನೆಯ ದಿನದ ದೃಶ್ಯ ಅಳಿಸಿಹೋಗಿರುತ್ತದೆ. ಕೆಲವೊಮ್ಮೆ ರೆಕಾರ್ಡರ್‌ನಲ್ಲಿ ತೋರುವ ಸಮಯವೇ ತಪ್ಪಾಗಿರುತ್ತದೆ. ಹಣ ವೆಚ್ಚ ಮಾಡಿಯೂ ಪ್ರಯೋಜನ ದೊರೆಯದಿರಲು ಮುಖ್ಯ ಕಾರಣ, ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಕೇಳದಿರುವುದು. ಮನೆ, ಅಂಗಡಿ, ಗೋದಾಮು ಮತ್ತು ಕಚೇರಿಗಳಲ್ಲಿ ಕ್ಯಾಮೆರಾ ಅಳವಡಿಸಲು ಉದ್ದೇಶಿಸಿರುವ ನಾಗರಿಕರ ಉಪಯೋಗಕ್ಕಾಗಿ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ. ಯಾವುದೇ ನಿರ್ದಿಷ್ಟ ಕಂಪನಿಯ ಉತ್ಪನ್ನವನ್ನು ಇಲ್ಲಿ ಶಿಫಾರಸು ಮಾಡಿರುವುದಿಲ್ಲ.

ಮೊದಲು ಉದ್ದೇಶ, ನಂತರ ಕ್ಯಾಮೆರಾ

ಮಾರಾಟಗಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಎಷ್ಟು ಕ್ಯಾಮೆರಾ ಬೇಕು?’ ಎಂಬುದು. ಖರೀದಿದಾರರು ಅದಕ್ಕೂ ಮೊದಲು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಜಾಗದಲ್ಲಿ ಏನನ್ನು ತಿಳಿಯಬೇಕಾಗಿದೆ? ಒಬ್ಬ ಮನುಷ್ಯ ಒಳಬಂದಿದ್ದಾನೆ ಎಂಬುದಷ್ಟೇ ತಿಳಿದರೆ ಸಾಕೇ, ಪರಿಚಿತನಾಗಿದ್ದರೆ ಗುರುತು ಸಿಗಬೇಕೇ, ಅಥವಾ ಅಪರಿಚಿತನ ಮುಖವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಗುರುತಿಸಬೇಕೇ? ಈ ಮೂರಕ್ಕೂ ಬೇಕಾಗುವ ಚಿತ್ರದ ಗುಣಮಟ್ಟ ಬೇರೆಬೇರೆ.

ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಐಇಸಿ 62676-4 ಮಾನಕದ 2014ರ ಆವೃತ್ತಿಯು ಇದಕ್ಕೆ ಸ್ಪಷ್ಟವಾದ ಅಳತೆಯನ್ನು ನೀಡಿತ್ತು. ಚಿತ್ರದಲ್ಲಿ ಕಾಣುವ ಜಾಗದ ಪ್ರತಿ ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಇದ್ದರೆ ಮನುಷ್ಯನ ಇರುವಿಕೆ ಪತ್ತೆಯಾಗುತ್ತದೆ. 125 ಪಿಕ್ಸೆಲ್ ಇದ್ದರೆ ಪರಿಚಿತ ವ್ಯಕ್ತಿಯ ಗುರುತು ಹಿಡಿಯಬಹುದು. ಅಪರಿಚಿತನ ಮುಖವನ್ನು ಖಚಿತವಾಗಿ ಗುರುತಿಸಲು 250 ಪಿಕ್ಸೆಲ್ ಬೇಕು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಮಾರಾಟವಾಗುವ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಇದನ್ನು 250ರಿಂದ ಭಾಗಿಸಿದರೆ 7.68 ಬರುತ್ತದೆ. ಅಂದರೆ ಆ ಕ್ಯಾಮೆರಾ ನೋಡುತ್ತಿರುವ ಜಾಗದ ಅಗಲ ಏಳೂವರೆ ಮೀಟರ್ ಮೀರಿದಲ್ಲಿ ಅಪರಿಚಿತನ ಮುಖದ ಗುರುತು ಸಿಗುವ ಭರವಸೆ ಇರುವುದಿಲ್ಲ. ಅದೇ ಕ್ಯಾಮೆರಾ ಸುಮಾರು 75 ಮೀಟರ್ ಅಗಲದ ಅಂಗಳದಲ್ಲಿ ಯಾರೋ ಓಡಾಡುತ್ತಿದ್ದಾರೆ ಎಂಬುದನ್ನು ಮಾತ್ರ ತೋರಿಸಬಲ್ಲದು. 4 ಮೆಗಾಪಿಕ್ಸೆಲ್‌ನಲ್ಲಿ ಮುಖ ಗುರುತಿಸುವ ಅಗಲ ಸುಮಾರು 10 ಮೀಟರ್, 8 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 15 ಮೀಟರ್ ಆಗುತ್ತದೆ. ಈ ಲೆಕ್ಕ ಸಾಕಷ್ಟು ಬೆಳಕಿರುವ ವೇಳೆಗೆ ಅನ್ವಯಿಸುತ್ತದೆ. ರಾತ್ರಿ ವೇಳೆ ಇದಕ್ಕಿಂತ ಕಡಿಮೆಯನ್ನೇ ನಿರೀಕ್ಷಿಸತಕ್ಕದ್ದು.

ಇಲ್ಲಿ ಲೆನ್ಸ್‌ನ ಪಾತ್ರವನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಬಿಡಿಯಾಗಿ ಸಿಗುವ ಬಹುತೇಕ ಕ್ಯಾಮೆರಾಗಳಲ್ಲಿ 2.8 ಮಿಲಿಮೀಟರ್ ಅಥವಾ 3.6 ಮಿಲಿಮೀಟರ್ ಲೆನ್ಸ್ ಇರುತ್ತದೆ. 2.8 ಮಿಲಿಮೀಟರ್ ಲೆನ್ಸ್ 100 ಡಿಗ್ರಿಗೂ ಹೆಚ್ಚು ಅಗಲವನ್ನು ಒಂದೇ ಚಿತ್ರದಲ್ಲಿ ತೋರಿಸುವುದರಿಂದ ಅಂಗಡಿಯಲ್ಲಿ ಪರೀಕ್ಷಿಸಿ ನೋಡುವಾಗ ಆಕರ್ಷಕವಾಗಿ ಕಾಣುತ್ತದೆ. ಆದರೆ 2 ಮೆಗಾಪಿಕ್ಸೆಲ್ ಕ್ಯಾಮೆರಾಗೆ ಈ ಲೆನ್ಸ್ ಇದ್ದಲ್ಲಿ ಸುಮಾರು 3 ಮೀಟರ್ ದೂರದವರೆಗೆ ಮಾತ್ರ ಮುಖದ ಖಚಿತ ಗುರುತು ಸಾಧ್ಯ. 6 ಮಿಲಿಮೀಟರ್ ಲೆನ್ಸ್ ಅಗಲವನ್ನು ಅರ್ಧದಷ್ಟಕ್ಕೆ ಇಳಿಸುತ್ತದೆ. ಪ್ರತಿಯಾಗಿ ಸುಮಾರು 7 ಮೀಟರ್ ದೂರದವರೆಗೂ ಮುಖ ಸಿಗುತ್ತದೆ. ಮನೆಯ ಗೇಟು ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿದ್ದರೆ ಅಗಲ ನೋಟದ ಕ್ಯಾಮೆರಾದಿಂದ ಗೇಟಿನಲ್ಲಿ ನಿಂತವರ ಗುರುತು ಸಿಗುವುದಿಲ್ಲ ಎಂಬುದನ್ನು ಖರೀದಿಗೆ ಮುನ್ನವೇ ತಿಳಿದಿರುವುದು ಒಳ್ಳೆಯದು.

ಮಲೆನಾಡಿನಲ್ಲಿ ಅಡಕೆ ಒಣಗಿಸುವ ಅಂಗಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಡೀ ಅಂಗಳದ ಮೇಲೆ ಕಣ್ಣಿಡಲು ಅಗಲ ನೋಟದ ಒಂದು ಕ್ಯಾಮೆರಾ ಸಾಕಾಗುತ್ತದೆ. ಆದರೆ ಅಂಗಳಕ್ಕೆ ಬರುವವರು ದಾಟಲೇಬೇಕಾದ ಒಂದು ಜಾಗ ಇರುತ್ತದೆ. ಅದು ದಣಪೆಯಾಗಿರಬಹುದು, ಗೇಟಾಗಿರಬಹುದು, ಮೆಟ್ಟಿಲಾಗಿರಬಹುದು. ಅಲ್ಲಿಗೆ ಕಿರಿದಾದ ನೋಟದ ಮತ್ತೊಂದು ಕ್ಯಾಮೆರಾ ಬೇಕು. ಅಂಗಳದ ನಾಲ್ಕು ಮೂಲೆಗೆ ನಾಲ್ಕು ಅಗಲ ನೋಟದ ಕ್ಯಾಮೆರಾ ಹಾಕಿದರೂ ಈ ಒಂದು ಕ್ಯಾಮೆರಾದ ಕೆಲಸ ಆಗುವುದಿಲ್ಲ. ಕಿರಾಣಿ ಅಂಗಡಿಗೂ ಇದೇ ತತ್ವ ಅನ್ವಯಿಸುತ್ತದೆ: ಬಾಗಿಲಿಗೆ ಒಂದು, ಗಲ್ಲಾಪೆಟ್ಟಿಗೆಗೆ ಒಂದು, ಉಳಿದ ಜಾಗಕ್ಕೆ ಒಂದು ಅಗಲ ನೋಟದ್ದು.

ಅಳವಡಿಸುವ ಎತ್ತರ ಮತ್ತು ಬೆಳಕು

ಕೈಗೆ ಎಟುಕದಿರಲಿ ಎಂದು ಕ್ಯಾಮೆರಾವನ್ನು ಎರಡನೇ ಮಹಡಿಯ ಸಜ್ಜಾದ ಕೆಳಗೆ ಅಳವಡಿಸುವ ರೂಢಿ ಇದೆ. ಅಷ್ಟು ಎತ್ತರದಿಂದ ಕಾಣುವುದು ತಲೆ, ಟೋಪಿ ಮತ್ತು ಹೆಲ್ಮೆಟ್ ಮಾತ್ರ. ಮುಖ ಕಾಣಬೇಕಾದಲ್ಲಿ ನೆಲದಿಂದ ಎರಡೂವರೆಯಿಂದ ಮೂರು ಮೀಟರ್ ಎತ್ತರ ಸೂಕ್ತ. ಹಾಳುಗೆಡವುವ ಭಯವಿದ್ದಲ್ಲಿ ಪೆಟ್ಟು ತಾಳುವ, ಐಕೆ 10 ಶ್ರೇಣಿಯ ಗುಮ್ಮಟಾಕಾರದ ಕ್ಯಾಮೆರಾ ಆರಿಸಿಕೊಳ್ಳಬಹುದು.

ಅಂಗಡಿಯ ಒಳಗಿನಿಂದ ಬೀದಿಯ ಬಾಗಿಲಿನತ್ತ ನೋಡುವ ಕ್ಯಾಮೆರಾದಲ್ಲಿ ಹಗಲು ವೇಳೆ ಗಿರಾಕಿಗಳು ಕಪ್ಪು ನೆರಳಿನಂತೆ ಕಾಣುವುದು ಸಾಮಾನ್ಯ ದೂರು. ಹೊರಗಿನ ಬೆಳಕು ಪ್ರಖರವಾಗಿರುವುದೇ ಇದಕ್ಕೆ ಕಾರಣ. ಇಂತಹ ಸ್ಥಳಕ್ಕೆ ಡಬ್ಲ್ಯೂಡಿಆರ್ ಸೌಲಭ್ಯವಿರುವ, 120 ಡೆಸಿಬೆಲ್ ಎಂದು ನಮೂದಿಸಿರುವ ಕ್ಯಾಮೆರಾವನ್ನೇ ಕೇಳಿ ಪಡೆಯತಕ್ಕದ್ದು. ‘ಡಿಜಿಟಲ್ ಡಬ್ಲ್ಯೂಡಿಆರ್’ ಎಂದು ಬರೆದಿರುವುದು ಇದಕ್ಕೆ ಸಮನಲ್ಲ.

ರಾತ್ರಿ ನೋಟಕ್ಕೆ ಬಹುತೇಕ ಕ್ಯಾಮೆರಾಗಳು ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಬಳಸುತ್ತವೆ. ಚಿತ್ರ ಕಪ್ಪು ಬಿಳುಪಾಗಿರುವುದರಿಂದ ಅಂಗಿಯ ಬಣ್ಣ, ವಾಹನದ ಬಣ್ಣ ತಿಳಿಯುವುದಿಲ್ಲ. ಕ್ಯಾಮೆರಾವನ್ನು ಕಿಟಕಿಯ ಗಾಜಿನ ಒಳಗಿರಿಸಿದರೆ ಈ ಬೆಳಕು ಗಾಜಿಗೆ ತಾಗಿ ಹಿಂತಿರುಗಿ ಇಡೀ ಚಿತ್ರ ಬಿಳುಚಿಕೊಳ್ಳುತ್ತದೆ. ಹತ್ತಿರದ ಬಿಳಿ ಗೋಡೆಯಿಂದಲೂ ಇದೇ ತೊಂದರೆ. ಜೇಡ ಲೆನ್ಸ್‌ನ ಮುಂದೆ ಬಲೆ ಕಟ್ಟುವುದು ಚಿಕ್ಕ ಸಂಗತಿ ಎನಿಸಬಹುದು. ಆದರೆ ಮಳೆಗಾಲದಲ್ಲಿ ರಾತ್ರಿಯ ದೃಶ್ಯಗಳು ಕೆಡಲು ಅದೂ ಒಂದು ದೊಡ್ಡ ಕಾರಣ. ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಒರೆಸುವುದೇ ಇದಕ್ಕೆ ಪರಿಹಾರ. ಬಾಗಿಲ ಬಳಿ ಸಾಧಾರಣವಾದ ಒಂದು ಎಲ್ಇಡಿ ದೀಪವನ್ನು ರಾತ್ರಿಯಿಡೀ ಉರಿಸುವುದು, ದುಬಾರಿ ಕ್ಯಾಮೆರಾ ಕೊಳ್ಳುವುದಕ್ಕಿಂತ ಎಷ್ಟೋ ವೇಳೆ ಹೆಚ್ಚು ಫಲ ಕೊಡುತ್ತದೆ.

ಹೊರಾಂಗಣದ ಕ್ಯಾಮೆರಾ ಕನಿಷ್ಠ ಐಪಿ 66 ಶ್ರೇಣಿಯದಾಗಿರಬೇಕು. ಕರಾವಳಿಯ ಉಪ್ಪು ಗಾಳಿಗೆ ಲೋಹದ ಹಿಡಿಕೆ ಮತ್ತು ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ. ಸಿಡಿಲಿನ ಹಾವಳಿ ಇರುವ ಪ್ರದೇಶಗಳಲ್ಲಿ ಸರಿಯಾದ ಅರ್ತಿಂಗ್ ಹಾಗೂ ಸರ್ಜ್ ರಕ್ಷಕ ಇಲ್ಲದೆ ಉದ್ದನೆಯ ಕೇಬಲ್ ಎಳೆಯಬಾರದು.

ರೆಕಾರ್ಡರ್, ಕೇಬಲ್ ಮತ್ತು ಸಂಗ್ರಹ

ಏಕಾಕ್ಷ ಕೇಬಲ್ ಬಳಸುವ ಅನಲಾಗ್ ಎಚ್‌ಡಿ ಕ್ಯಾಮೆರಾಗಳಿಗೆ ಡಿವಿಆರ್, ನೆಟ್‌ವರ್ಕ್ ಕೇಬಲ್ ಬಳಸುವ ಐಪಿ ಕ್ಯಾಮೆರಾಗಳಿಗೆ ಎನ್‌ವಿಆರ್ ಬೇಕಾಗುತ್ತದೆ. ಹಳೆಯ ಕೇಬಲ್ ಸುಸ್ಥಿತಿಯಲ್ಲಿರುವ ಮನೆಗಳಲ್ಲಿ ಗೋಡೆ ಒಡೆಯದೆ ಅನಲಾಗ್ ಎಚ್‌ಡಿಗೆ ಬದಲಾಯಿಸುವುದು ಮಿತವ್ಯಯದ ಮಾರ್ಗ. ಹೊಸ ಕಟ್ಟಡವಾದಲ್ಲಿ ಐಪಿ ವ್ಯವಸ್ಥೆ ಉತ್ತಮ. ಒಂದೇ ಕೇಬಲಿನಲ್ಲಿ ವಿದ್ಯುತ್ ಮತ್ತು ಚಿತ್ರ ಎರಡೂ ಹರಿಯುತ್ತವೆ, ಆದರೆ ಆ ಕೇಬಲಿನ ಉದ್ದ 100 ಮೀಟರ್ ಮೀರುವಂತಿಲ್ಲ. ಕೇಬಲ್ ಪೂರ್ಣ ತಾಮ್ರದ್ದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳತಕ್ಕದ್ದು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಮಾರುಕಟ್ಟೆಯಲ್ಲಿ ಧಾರಾಳವಾಗಿದ್ದು, ದೂರ ಹೆಚ್ಚಿದಂತೆ ಅದರಲ್ಲಿ ವಿದ್ಯುತ್ ಕುಸಿದು ಅತಿಗೆಂಪು ದೀಪ ಹೊತ್ತಿಕೊಳ್ಳುವ ರಾತ್ರಿ ವೇಳೆಯಲ್ಲೇ ಕ್ಯಾಮೆರಾ ನಿಂತುಹೋಗುತ್ತದೆ. ವೈಫೈ ಕ್ಯಾಮೆರಾ ಬಾಡಿಗೆ ಮನೆಗಳಿಗೆ ಅನುಕೂಲ. ಆದರೆ ಅದರೊಳಗಿನ ಮೆಮೊರಿ ಕಾರ್ಡನ್ನು ಮಾತ್ರ ನಂಬಿದ್ದರೆ, ಕಳ್ಳನು ಕ್ಯಾಮೆರಾವನ್ನು ಕಿತ್ತೊಯ್ದಾಗ ಸಾಕ್ಷ್ಯವೂ ಅವನೊಂದಿಗೇ ಹೋಗುತ್ತದೆ.

ಎಷ್ಟು ದಿನಗಳ ದೃಶ್ಯ ಉಳಿಯುತ್ತದೆ ಎಂಬುದನ್ನು ಖರೀದಿದಾರರೇ ಲೆಕ್ಕ ಹಾಕಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಪ್ರಮಾಣದಲ್ಲಿ ನಿರಂತರವಾಗಿ ದಾಖಲಿಸಿದರೆ ದಿನಕ್ಕೆ 21.6 ಗಿಗಾಬೈಟ್ ಜಾಗ ಬೇಕು. ನಾಲ್ಕು ಕ್ಯಾಮೆರಾಗಳ 30 ದಿನಗಳ ದೃಶ್ಯಕ್ಕೆ ಸುಮಾರು 2.6 ಟೆರಾಬೈಟ್ ಆಗುತ್ತದೆ. 1 ಟೆರಾಬೈಟ್ ಹಾರ್ಡ್ ಡಿಸ್ಕ್ ಹಾಕಿಸಿಕೊಂಡವರಿಗೆ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನದಿಂದ ಹಳೆಯ ದೃಶ್ಯಗಳ ಮೇಲೆ ಹೊಸವು ಬರೆಯಲ್ಪಡುತ್ತವೆ. ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದ ಕುಟುಂಬಕ್ಕೆ ಬೀಗ ಮುರಿದ ದಿನದ ದೃಶ್ಯ ಸಿಗದಿರುವುದು ಹೀಗೆಯೇ. ಎಚ್.265 ವಿಧಾನದಲ್ಲಿ ದಾಖಲಿಸಿದಲ್ಲಿ ಬೇಕಾಗುವ ಜಾಗ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೆಕೆಂಡಿಗೆ 12ರಿಂದ 15 ಚಿತ್ರಗಳು ಮನೆ ಮತ್ತು ಅಂಗಡಿಗೆ ಸಾಕು. ಗಣಕಯಂತ್ರದ ಸಾಧಾರಣ ಹಾರ್ಡ್ ಡಿಸ್ಕ್ ಹಗಲಿರುಳು ಬರೆಯುವ ಕೆಲಸಕ್ಕೆ ತಯಾರಾದುದಲ್ಲ. ಸಿಸಿಟಿವಿಗೆಂದೇ ತಯಾರಾದ ಡಿಸ್ಕ್ ಕೇಳತಕ್ಕದ್ದು.

ರೆಕಾರ್ಡರನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇಡಬಾರದು. ಗಾಳಿಯಾಡುವ, ಬೀಗವಿರುವ ಕಪಾಟು ಸೂಕ್ತ. ವಿದ್ಯುತ್ ಕಡಿತದ ಅವಧಿಗೆ ಯುಪಿಎಸ್ ಬೇಕು. ಕ್ಯಾಮೆರಾ, ರೆಕಾರ್ಡರ್ ಹಾಗೂ ಅಂತರ್ಜಾಲದ ರೂಟರ್ ಮೂರೂ ಅದಕ್ಕೆ ಸೇರಿರಬೇಕು.

ಮಾನಿಟರ್ ಯಾರು ನೋಡುತ್ತಾರೆ?

2013ರ ನವೆಂಬರ್ 19ರಂದು ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂ ಒಂದರಲ್ಲಿ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆ ನಡೆಯಿತು. ದುಷ್ಕರ್ಮಿ ಒಳಗೆ ನುಗ್ಗಿ ಶಟರ್ ಎಳೆದುಕೊಂಡದ್ದು, ಹಲ್ಲೆ ನಡೆಸಿದ್ದು, ಹೊರಟುಹೋದದ್ದು ಎಲ್ಲವೂ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ದಾಖಲಾಯಿತು. ಆದರೆ ಆ ಹೊತ್ತಿಗೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಗಾಯಗೊಂಡ ಮಹಿಳೆ ಮುಚ್ಚಿದ ಶಟರಿನ ಹಿಂದೆ ಗಂಟೆಗಟ್ಟಲೆ ಬಿದ್ದಿದ್ದು, ಹೊರಗೆ ರಕ್ತದ ಕಲೆ ಕಂಡ ಬಳಿಕವಷ್ಟೇ ವಿಷಯ ತಿಳಿಯಿತು. ಆರೋಪಿ ಸಿಕ್ಕಿದ್ದು 2017ರಲ್ಲಿ, ಆಂಧ್ರಪ್ರದೇಶದ ಮದನಪಲ್ಲಿಯಲ್ಲಿ. 2021ರಲ್ಲಿ ನ್ಯಾಯಾಲಯವು ಆತನನ್ನು ದೋಷಿಯೆಂದು ಘೋಷಿಸಿತು. ದಾಖಲಿಸುವುದು ಬೇರೆ, ಕಾವಲು ಕಾಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಆದುದರಿಂದ ಮಾನಿಟರ್ ಕೊಳ್ಳುವ ಮೊದಲು, ಅದರ ಮುಂದೆ ಕೂರುವವರು ಯಾರೆಂಬುದನ್ನು ನಿರ್ಧರಿಸಿಕೊಳ್ಳಬೇಕು. ಯಾರೂ ಕೂರುವುದಿಲ್ಲವಾದರೆ ದೊಡ್ಡ ಪರದೆಗೆ ಹಣ ಹಾಕುವ ಬದಲು, ನಿಷಿದ್ಧ ವೇಳೆಯಲ್ಲಿ ಚಲನೆ ಕಂಡಾಗ ಮೊಬೈಲಿಗೆ ಎಚ್ಚರಿಕೆ ಕಳುಹಿಸುವ ಅಥವಾ ಸೈರನ್ ಮೊಳಗಿಸುವ ವ್ಯವಸ್ಥೆಗೆ ಅದೇ ಹಣವನ್ನು ವಿನಿಯೋಗಿಸುವುದು ಸೂಕ್ತ. ಎಲೆ ಅಲುಗಿದಾಗ, ನಾಯಿ ಓಡಾಡಿದಾಗ ಎಚ್ಚರಿಕೆ ಬಾರದಂತೆ, ಮನುಷ್ಯ ಮತ್ತು ವಾಹನವನ್ನಷ್ಟೇ ಗುರುತಿಸುವ ಕ್ಯಾಮೆರಾಗಳು ಈಗ ಲಭ್ಯವಿವೆ. ಸುಳ್ಳು ಎಚ್ಚರಿಕೆ ದಿನಕ್ಕೆ ಇಪ್ಪತ್ತು ಬಂದರೆ ಮೂರನೆಯ ದಿನಕ್ಕೆ ಮಾಲೀಕರು ಅದನ್ನು ನಿಲ್ಲಿಸಿಬಿಡುತ್ತಾರೆ.

ಕಾವಲುಗಾರರು ನೋಡುವುದಾದಲ್ಲಿ ಪರದೆಯ ಅಳತೆ ಮುಖ್ಯವಾಗುತ್ತದೆ. 1920 × 1080 ಪಿಕ್ಸೆಲ್‌ನ ಪರದೆಯಲ್ಲಿ 16 ಕ್ಯಾಮೆರಾ ತೋರಿಸಿದರೆ ಒಂದೊಂದಕ್ಕೆ ಸಿಗುವುದು 480 × 270 ಪಿಕ್ಸೆಲ್ ಮಾತ್ರ. 22 ಇಂಚಿನ ಪರದೆಯಲ್ಲಿ ಅದು ಅಂಗೈ ಅಗಲಕ್ಕಿಂತ ತುಸುವೇ ಹೆಚ್ಚು. ನಾಲ್ಕು ಚಿತ್ರಗಳಿಗೆ ಅಂತಹ ಪರದೆ ಸಾಕು. ಅದಕ್ಕೂ ಹೆಚ್ಚಾದಲ್ಲಿ ಎರಡನೆಯ ಪರದೆ ಅಥವಾ ದೊಡ್ಡದಾದ 4ಕೆ ಪರದೆ ಬೇಕು. ಮನೆಯ ಟಿವಿ ದಿನದ 24 ಗಂಟೆ ಒಂದೇ ದೃಶ್ಯವನ್ನು ತೋರಿಸಲು ತಯಾರಾದುದಲ್ಲ. ಕಿಟಕಿಯ ಬೆಳಕು ಪರದೆಯ ಮೇಲೆ ಬೀಳದಂತೆಯೂ, ಹೊರಗಿನವರಿಗೆ ಪರದೆ ಕಾಣದಂತೆಯೂ ಇರಿಸಬೇಕು. ಬಾಗಿಲಲ್ಲಿ ಗಿರಾಕಿಗೆ ಅವರದೇ ಚಿತ್ರ ತೋರಿಸುವ ಸಣ್ಣ ಪರದೆಯೊಂದು ಮಾತ್ರ ಇದಕ್ಕೆ ಅಪವಾದ. ಕ್ಯಾಮೆರಾ ಇದೆ ಎಂಬ ತಿಳಿವಳಿಕೆಯನ್ನು ಅದು ಫಲಕಕ್ಕಿಂತ ಚೆನ್ನಾಗಿ ಮೂಡಿಸುತ್ತದೆ. ಪಿನ್ ಸಂಖ್ಯೆ ಒತ್ತುವ ಯಂತ್ರದ ಮೇಲೆ ಯಾವುದೇ ಕ್ಯಾಮೆರಾ ನೇರವಾಗಿ ನೋಡುವಂತಿರಬಾರದು.

ನೋಂದಣಿ ಗುರುತು ಮತ್ತು ಪಾಸ್‌ವರ್ಡ್

ಸಿಸಿಟಿವಿ ಕ್ಯಾಮೆರಾಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ವಿದ್ಯುತ್ ಸುರಕ್ಷತೆಯ ಜೊತೆಗೆ ಮಾಹಿತಿ ಸುರಕ್ಷತೆಯ ಪರೀಕ್ಷೆಯನ್ನೂ ಕಡ್ಡಾಯಗೊಳಿಸಿ ಕೇಂದ್ರ ಸರ್ಕಾರವು 2024ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿದ್ದು, ಅದು 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಪೆಟ್ಟಿಗೆಯ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಬ್ಯೂರೋದ ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಿಕೊಳ್ಳಬಹುದು.

ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಡುವುದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅದರಲ್ಲೇ ಬಿಟ್ಟಂತೆ. 2016ರಲ್ಲಿ ‘ಮಿರಾಯ್’ ಎಂಬ ದುರುದ್ದೇಶಪೂರಿತ ತಂತ್ರಾಂಶವು ಇಂತಹ ಪಾಸ್‌ವರ್ಡ್‌ಗಳನ್ನೇ ಬಳಸಿ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್ ಮತ್ತು ರೂಟರ್‌ಗಳನ್ನು ವಶಪಡಿಸಿಕೊಂಡು, ಆ ವರ್ಷದ ಅಕ್ಟೋಬರ್‌ನಲ್ಲಿ ಹೆಸರಾಂತ ಜಾಲತಾಣಗಳು ಸ್ಥಗಿತಗೊಳ್ಳಲು ಕಾರಣವಾಯಿತು. ಅಳವಡಿಕೆ ಮುಗಿದ ದಿನವೇ ಪಾಸ್‌ವರ್ಡನ್ನು ಮಾಲೀಕರು ಸ್ವತಃ ಬದಲಿಸತಕ್ಕದ್ದು. ಅಳವಡಿಸಿದ ತಂತ್ರಜ್ಞರ ಮೊಬೈಲಿನಲ್ಲಿ ತಮ್ಮ ಮನೆಯ ಚಿತ್ರ ಇನ್ನೂ ತೆರೆದುಕೊಳ್ಳುತ್ತಿದೆಯೇ ಎಂದು ಕೇಳಿ ನೋಡಲು ಸಂಕೋಚ ಪಡಬೇಕಾಗಿಲ್ಲ.

ನೆರೆಹೊರೆಯವರ ಖಾಸಗಿತನ

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪು ನೀಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ್ದ ಅರ್ಜಿಯ ಮೇಲೆ ಬಂದ ತೀರ್ಪು ಇದು. ಕ್ಯಾಮೆರಾ ತಮ್ಮ ಗೇಟು, ಕಾಂಪೌಂಡು ಮತ್ತು ಅದರ ಮುಂದಿನ ಬೀದಿಯನ್ನು ನೋಡುವುದು ಸಹಜ. ಪಕ್ಕದ ಮನೆಯ ಕಿಟಕಿ, ಹಿತ್ತಲು, ಸ್ನಾನದ ಮನೆಯತ್ತ ಅದರ ನೋಟ ತಿರುಗಿರಬಾರದು. ತಪ್ಪಿಸಲಾಗದ ಕಡೆ, ಚಿತ್ರದ ಆ ಭಾಗವನ್ನು ಕಪ್ಪಾಗಿಸುವ ಸೌಲಭ್ಯ ಬಹುತೇಕ ರೆಕಾರ್ಡರ್‌ಗಳಲ್ಲಿದೆ. ಬಟ್ಟೆ ಬದಲಿಸುವ ಕೊಠಡಿ, ಶೌಚಾಲಯ, ನೌಕರರ ವಿಶ್ರಾಂತಿ ಕೊಠಡಿಗಳಲ್ಲಿ ಯಾವ ಕಾರಣಕ್ಕೂ ಕ್ಯಾಮೆರಾ ಅಳವಡಿಸಬಾರದು. ಖಾಸಗಿ ಕ್ರಿಯೆಯಲ್ಲಿರುವ ಮಹಿಳೆಯ ಚಿತ್ರೀಕರಣವು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 77ರಡಿ ಹಾಗೂ ಖಾಸಗಿ ಅಂಗಗಳ ಚಿತ್ರೀಕರಣವು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ ಕಲಂ 66ಇ ಅಡಿ ಶಿಕ್ಷಾರ್ಹ ಅಪರಾಧಗಳಾಗಿವೆ. ಒಂದೇ ಮನೆಯಲ್ಲಿ ವಾಸಿಸುವ ಇತರರ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ಹಾಕುವುದು ಅವರ ಖಾಸಗಿತನದ ಉಲ್ಲಂಘನೆ ಎಂದು ಕಲ್ಕತ್ತಾ ಉಚ್ಚ ನ್ಯಾಯಾಲಯವು 2025ರಲ್ಲಿ ಹೇಳಿದ್ದು, ಅದರಲ್ಲಿ ಹಸ್ತಕ್ಷೇಪ ಮಾಡಲು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿದೆ. ಅಣ್ಣತಮ್ಮಂದಿರು ಪಾಲಾಗಿಯೂ ಒಂದೇ ಹಜಾರವನ್ನು ಬಳಸುವ ಮನೆಗಳವರು ಇದನ್ನು ಗಮನಿಸಬೇಕು.

ವ್ಯಾಪಾರ ಸಂಸ್ಥೆಗಳ ಹೊಣೆ

ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಅಧಿನಿಯಮ, 2017ರ ಪ್ರಕಾರ ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಮತ್ತು ಅದಕ್ಕಿಂತ ಹೆಚ್ಚು ಜನ ಸೇರುವ ಸಂಸ್ಥೆಗಳು ಸಿಸಿಟಿವಿ ಸೇರಿದಂತೆ ಸುರಕ್ಷತಾ ಕ್ರಮಗಳನ್ನು ಕೈಗೊಂಡು, 30 ದಿನಗಳ ದೃಶ್ಯಾವಳಿಯನ್ನು ಕಾಯ್ದಿರಿಸಬೇಕು. ವಾಣಿಜ್ಯ ಸಂಕೀರ್ಣ, ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಧಾರ್ಮಿಕ ಸ್ಥಳಗಳೂ ಇದರ ವ್ಯಾಪ್ತಿಯಲ್ಲಿವೆ. ಇಂತಹ ಸಂಸ್ಥೆಗಳವರು ಮೇಲೆ ಹೇಳಿದ ಸಂಗ್ರಹದ ಲೆಕ್ಕವನ್ನು ಹಾಕದೆ ಹಾರ್ಡ್ ಡಿಸ್ಕ್ ಕೊಂಡಲ್ಲಿ ಕಾನೂನಿನ ದೃಷ್ಟಿಯಲ್ಲಿಯೂ ತೊಂದರೆಗೆ ಸಿಲುಕುತ್ತಾರೆ.

ಘಟನೆ ನಡೆದ ನಂತರ

ತುರ್ತು ಸಂದರ್ಭದಲ್ಲಿ ಮೊದಲು 112ಕ್ಕೆ ಕರೆ ಮಾಡಬೇಕು. ದೃಶ್ಯ ನೋಡುತ್ತ ಕೂರುವುದು ಆಮೇಲಿನ ಮಾತು. ನಂತರ ಸಂಬಂಧಪಟ್ಟ ಅವಧಿಯ ದೃಶ್ಯದ ಮೇಲೆ ಹೊಸದು ಬರೆಯದಂತೆ ರೆಕಾರ್ಡರ್‌ನಲ್ಲಿ ಅದನ್ನು ಲಾಕ್ ಮಾಡಿ ಅಥವಾ ಪೆನ್ ಡ್ರೈವ್‌ಗೆ ಇಳಿಸಿಕೊಳ್ಳಬೇಕು. ಘಟನೆಯ ಅರ್ಧ ಗಂಟೆ ಹಿಂದಿನಿಂದ ಅರ್ಧ ಗಂಟೆ ನಂತರದವರೆಗೆ ಇಳಿಸಿಕೊಳ್ಳುವುದು ಲೇಸು, ಏಕೆಂದರೆ ಹೊಂಚು ಹಾಕಿದವರ ಮುಖ ಸಿಗುವುದು ಎಷ್ಟೋ ಬಾರಿ ಘಟನೆಗೆ ಮೊದಲೇ. ಪರದೆಯನ್ನು ಮೊಬೈಲಿನಿಂದ ಚಿತ್ರೀಕರಿಸಿ ಕಳುಹಿಸಿದ ಪ್ರತಿ ಮೂಲದ ಗುಣಮಟ್ಟವನ್ನು ಉಳಿಸಿಕೊಳ್ಳುವುದಿಲ್ಲ. ರೆಕಾರ್ಡರಿನ ಗಡಿಯಾರ ಹಿಂದೆ ಮುಂದೆ ಇದ್ದಲ್ಲಿ ಅದನ್ನು ತಿದ್ದದೆ, ನಿಜವಾದ ಸಮಯಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಬರೆದಿಟ್ಟು ತನಿಖಾಧಿಕಾರಿಗೆ ತಿಳಿಸಬೇಕು.

ದೃಶ್ಯಾವಳಿಯ ಪ್ರತಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲಬೇಕಾದರೆ ಪ್ರಮಾಣಪತ್ರ ಬೇಕು. ಹಿಂದಿನ ಸಾಕ್ಷ್ಯ ಅಧಿನಿಯಮದ ಕಲಂ 65ಬಿ ಅಡಿಯ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63 ಈಗ ಅದರ ಸ್ಥಾನದಲ್ಲಿದೆ. ಅದರ ನಮೂನೆಯಲ್ಲಿ ಎರಡು ಭಾಗಗಳಿದ್ದು, ಭಾಗ ‘ಎ’ಯನ್ನು ದೃಶ್ಯ ಹಾಜರುಪಡಿಸುವವರು, ಭಾಗ ‘ಬಿ’ಯನ್ನು ತಜ್ಞರು ಭರ್ತಿ ಮಾಡಬೇಕು. ಸಾಧನದ ತಯಾರಿಕೆ, ಮಾದರಿ, ಕ್ರಮಸಂಖ್ಯೆ ಮತ್ತು ಕಡತದ ಹ್ಯಾಶ್ ಮೌಲ್ಯವನ್ನು ಅದರಲ್ಲಿ ನಮೂದಿಸಬೇಕಾಗುತ್ತದೆ. ಖರೀದಿಯ ಬಿಲ್ಲು ಮತ್ತು ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯ ಚೀಟಿಯನ್ನು ಎಸೆಯದೆ ಇಟ್ಟುಕೊಂಡವರಿಗೆ ಈ ಕೆಲಸ ಸುಲಭ. ತನಿಖೆಗೆ ದೃಶ್ಯ ಬೇಕಾದಲ್ಲಿ ಠಾಣಾಧಿಕಾರಿಯು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರಡಿ ಲಿಖಿತ ಆದೇಶ ನೀಡಿ ಅದನ್ನು ಕೇಳಬಹುದು. ರೆಕಾರ್ಡರ್ ಅಥವಾ ಹಾರ್ಡ್ ಡಿಸ್ಕನ್ನೇ ವಶಕ್ಕೆ ಪಡೆದಲ್ಲಿ ಅದರ ಪಂಚನಾಮೆ ಅಥವಾ ಸ್ವೀಕೃತಿಯ ಪ್ರತಿಯನ್ನು ಕೇಳಿ ಪಡೆದುಕೊಳ್ಳತಕ್ಕದ್ದು. ಸಾಧನವನ್ನು ಹಿಂದಿರುಗಿಸುವಂತೆ ಮುಂದೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವಾಗ ಆ ಪ್ರತಿಯನ್ನು ಲಗತ್ತಿಸಬೇಕಾಗುತ್ತದೆ.